ಪೇಪರ್ ಇರೋದು ಓದಲಿಕ್ಕೆ, ಮೆಣಸಿನಕಾಯಿ ಕಟ್ಟಲಿಕ್ಕಲ್ಲ

ಸಂಜೆ ಐದೂವರೆ ಆಯಿತೆಂದರೆ ದಾವಣಗೆರೆಯಲ್ಲಿ ಜನ ಎರಡು ಕಡೆ ಮುಗಿಬೀಳುತ್ತಾರೆ. ಒಂದು ಬಸ್ಸಿನ ಬಾಗಿಲಿಗೆ, ಇನ್ನೊಂದು ಮೆಣಸಿನಕಾಯಿ ಬಾಣಲೆಗೆ. ಹೊನ್ನಾಳಿ, ಜಗಳೂರು, ಚನ್ನಗಿರಿ ಕಡೆಯವರಿಗೆ ಊರು ಮುಟ್ಟಲು ಇನ್ನೂ ಹೊತ್ತುಂಟು. ಮನೆಯಲ್ಲಿ ಮಕ್ಕಳು ದಾರಿ ಕಾಯುತ್ತಿರುತ್ತವೆ. ಒಂದಿಷ್ಟು ಖಾರ ಮಂಡಕ್ಕಿ, ನಾಲ್ಕು ಬಿಸಿ ಮೆಣಸಿನಕಾಯಿ. ನಿಂತಲ್ಲೇ ತಿಂದರೆ ತಿಂಡಿ, ಕಟ್ಟಿಸಿಕೊಂಡರೆ ಪಾರ್ಸಲ್.

ಬೆಣ್ಣೆದೋಸೆಯಿಂದ ಊರಿಗೆ ಹೆಸರು ಬಂದಿದೆ ನಿಜ. ಹೊರಗಿನವರು ಬಂದರೆ ಮೊದಲು ಅದನ್ನೇ ಕೇಳುತ್ತಾರೆ. ಆದರೆ ಊರಿನವರ ದಿನನಿತ್ಯದ ಸಂಜೆ ನಡೆಯುವುದು ಮಂಡಕ್ಕಿ-ಮೆಣಸಿನಕಾಯಿಯ ಮೇಲೆ. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಬಾಣಲೆಯ ಹೊಗೆ ಮಾತ್ರ ಆರಲಿಲ್ಲ. ಒಂದು ತಳ್ಳುಗಾಡಿ, ಒಂದು ಒಲೆ, ಹಿಟ್ಟು ಕಲಸುವ ಎರಡು ಕೈ ಇದ್ದರೆ ಒಂದು ಸಂಸಾರ ನಡೆಯುತ್ತದೆ. ಅಂಥವರ ಹೊಟ್ಟೆಯ ಮೇಲೆ ಹೊಡೆಯುವ ಮಾತು ಯಾರೂ ಆಡಬಾರದು.

ತಕರಾರು ತಿಂಡಿಯ ಮೇಲಲ್ಲ. ಅದನ್ನು ಕಟ್ಟಿಕೊಡುವ ಕಾಗದದ ಮೇಲೆ.

ಬಾಣಲೆಯಿಂದ ಎತ್ತಿದ ಮೆಣಸಿನಕಾಯಿ ಜಾಲರಿಯಲ್ಲಿ ಒಂದು ಗಳಿಗೆಯೂ ಆರುವುದಿಲ್ಲ. ಗಿರಾಕಿಗೆ ಬಸ್ಸಿನ ಅವಸರ, ಅಂಗಡಿಯವನಿಗೆ ಮುಂದಿನ ಗಿರಾಕಿಯ ಅವಸರ. ನೇರ ಹಳೇ ಪೇಪರಿಗೆ ಬೀಳುತ್ತದೆ. ಮೇಲೆ ಮಂತ್ರಿಗಳ ಭಾಷಣ, ಕೆಳಗೆ ಅಡಿಕೆ ಧಾರಣೆ, ನಡುವೆ ಎಣ್ಣೆ. ಹೊನ್ನಾಳಿ ಮುಟ್ಟುವಷ್ಟರಲ್ಲಿ ಪೊಟ್ಟಣ ಪೂರಾ ಪಾರದರ್ಶಕ! ನಮ್ಮ ಆಡಳಿತದಲ್ಲಿ ಇಲ್ಲದ ಪಾರದರ್ಶಕತೆ ಮೆಣಸಿನಕಾಯಿ ಪೊಟ್ಟಣದಲ್ಲಿ ಸಿಗುತ್ತದೆ.

ಎಣ್ಣೆ ಹೀರ್ತದಂತೆ!

"ಪೇಪರ್ ಎಣ್ಣೆ ಹೀರ್ತದ್ರೀ, ಆರೋಗ್ಯಕ್ಕೆ ಒಳ್ಳೇದು" ಎನ್ನುವವರಿದ್ದಾರೆ. ಓದಿದವರೂ ಹೇಳುತ್ತಾರೆ. ಮನೆಯಲ್ಲಿ ಪೂರಿ ಕರಿದರೂ ಕೆಳಗೆ ನಿನ್ನೆಯ ಪೇಪರ್ ಹಾಸುತ್ತಾರೆ. ಎಣ್ಣೆ ಪೇಪರಿಗೆ ಹೋಗುವುದು ಕಾಣುತ್ತದೆ. ಪೇಪರಿನಿಂದ ತಿಂಡಿಗೆ ಬರುವುದು ಕಾಣುವುದಿಲ್ಲ, ಅಷ್ಟೇ.

ಒಂದು ಸಣ್ಣ ಪರೀಕ್ಷೆ ಪ್ರತಿಯೊಬ್ಬ ಓದುಗನೂ ದಿನಾ ಮಾಡುತ್ತಿದ್ದಾನೆ. ಪೇಪರ್ ಓದಿ ಮುಗಿಸಿದ ಮೇಲೆ ಬೆರಳ ತುದಿ ನೋಡಿಕೊಳ್ಳಿ. ಕಪ್ಪಾಗಿರುತ್ತದೆ. ಯಾಕೆ? ಪತ್ರಿಕೆ ಅಚ್ಚು ಹಾಕುವ ಶಾಯಿ ಬಣ್ಣ ಬಳಿದ ಗೋಡೆಯ ಹಾಗೆ ಒಣಗಿ ಗಟ್ಟಿಯಾಗುವಂಥದ್ದಲ್ಲ. ಅದು ಕಾಗದದೊಳಕ್ಕೆ ಇಂಗಿ ಕೂರುವಂಥದ್ದು. ಅದರಲ್ಲಿ ಇರುವುದು ಮಸಿ ಮತ್ತು ಎಣ್ಣೆ. ಅಡುಗೆಯ ಎಣ್ಣೆಯಲ್ಲ, ಖನಿಜ ಎಣ್ಣೆ. ಒಣ ಬೆರಳಿಗೇ ಅಂಟುವ ಶಾಯಿ, ಕುದಿಯುವ ಎಣ್ಣೆಯಿಂದ ಎದ್ದು ಬಂದ ಮೆಣಸಿನಕಾಯಿಗೆ ಅಂಟದೇ ಇರುತ್ತದೆಯೇ? ಎಣ್ಣೆಗೆ ಎಣ್ಣೆ ಬೆರೆಯಲು ಯಾರ ಅಪ್ಪಣೆಯೂ ಬೇಡ.

ಶಾಯಿ ಒಂದೇ ಅಲ್ಲ. ಆ ಕಾಗದ ಬಂದ ದಾರಿ ನೋಡಿ. ಪ್ರೆಸ್ಸಿನಿಂದ ವ್ಯಾನು, ವ್ಯಾನಿನಿಂದ ಬಸ್ ನಿಲ್ದಾಣದ ನೆಲ, ಅಲ್ಲಿಂದ ಸೈಕಲ್ಲು, ಮನೆ ಅಂಗಳ, ಕ್ಷೌರದಂಗಡಿಯ ಬೆಂಚು, ಕೊನೆಗೆ ಗುಜರಿಯವನ ಗೋಣಿಚೀಲ. ಇಷ್ಟು ಊರು ಸುತ್ತಿದ ಮೇಲೆ ನಿಮ್ಮ ಮಗುವಿನ ಕೈಗೆ. ಗಿರಾಕಿಯ ತಟ್ಟೆ ತೊಳೆಯದಿದ್ದರೆ ಜಗಳ ತೆಗೆಯುವ ಜನ, ಈ ತಟ್ಟೆಯ ಬಗ್ಗೆ ಮಾತ್ರ ಚಕಾರ ಎತ್ತುವುದಿಲ್ಲ.

ಕಾನೂನು ಎಲ್ಲಿದೆ?

ಕಾನೂನು ಇದೆ ಸ್ವಾಮಿ, ಭದ್ರವಾಗಿದೆ. ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2016ರ ಡಿಸೆಂಬರಿನಲ್ಲೇ ಪೇಪರಿನಲ್ಲಿ ತಿಂಡಿ ಕಟ್ಟಬೇಡಿ ಎಂದು ಹೇಳಿತು. 2018ರ ಪ್ಯಾಕಿಂಗ್ ನಿಯಮಗಳಲ್ಲಿ, ಆಹಾರ ಇಡಲಿಕ್ಕೂ ಸುತ್ತಲಿಕ್ಕೂ ಪತ್ರಿಕೆ ಬಳಸಕೂಡದು ಎಂದು ಬರೆದೇ ಬಿಟ್ಟರು. 2023ರ ಸೆಪ್ಟೆಂಬರಿನಲ್ಲಿ ಪ್ರಾಧಿಕಾರ ಇನ್ನೊಮ್ಮೆ ಎಚ್ಚರಿಸಿತು: ಶಾಯಿಯಲ್ಲಿ ಸೀಸದಂಥ ಭಾರಲೋಹಗಳು ಇರಬಹುದು, ಅವು ಆಹಾರಕ್ಕೆ ಇಳಿಯಬಹುದು, ಕೈಯಿಂದ ಕೈಗೆ ಹೋದ ಕಾಗದದಲ್ಲಿ ರೋಗಾಣುಗಳೂ ಇರಬಹುದು ಎಂದು. ಕರಿದ ತಿಂಡಿಯ ಎಣ್ಣೆ ಹೀರಿಸಲೂ ಪೇಪರ್ ಬಳಸಬೇಡಿ ಎಂದು ಬಿಡಿಸಿ ಹೇಳಿತು.

ಈ ಆದೇಶವೆಲ್ಲ ಪೇಪರುಗಳಲ್ಲಿ ಸುದ್ದಿಯಾಗಿ ಬಂತು. ಮರುದಿನ ಆ ಸುದ್ದಿಯಲ್ಲೇ ಮೆಣಸಿನಕಾಯಿ ಕಟ್ಟಿದರು!

ಅಧಿಕಾರಿಗಳಿಗೆ ಕೈಲಾಗುವುದಿಲ್ಲ ಎನ್ನುವಂತಿಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ಸರ್ಕಾರ ನಿಷೇಧಿಸಿತು. ಗೋಬಿ ಗಾಡಿಗಳ ಕೆಂಪು ಒಂದೇ ವಾರದಲ್ಲಿ ಇಳಿಯಿತು. 2025ರ ಫೆಬ್ರವರಿಯಲ್ಲಿ ಇಡ್ಲಿ ಸರದಿ. ರಾಜ್ಯದಲ್ಲಿ 251 ಕಡೆ ನೋಡಿದಾಗ 50ಕ್ಕೂ ಹೆಚ್ಚು ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದರು. ಅದಕ್ಕೂ ತಡೆ ಬಿತ್ತು. ಸುದ್ದಿಯಾದರೆ ಜೀಪು ಬರುತ್ತದೆ, ಸುದ್ದಿ ತಣ್ಣಗಾದರೆ ಜೀಪೂ ತಣ್ಣಗೆ. ಪೇಪರಿನ ಪೊಟ್ಟಣ ಯಾವತ್ತೂ ದೊಡ್ಡ ಸುದ್ದಿಯಾಗಲಿಲ್ಲ. ಹಾಗಾಗಿ ಬದುಕಿಕೊಂಡಿದೆ.

ಅಂಗಡಿಯವನ ಲೆಕ್ಕ

ಅಂಗಡಿಯವನ ಮಾತನ್ನೂ ಕೇಳಬೇಕು. ಎಣ್ಣೆ ದರ ಏರಿದೆ, ಕಡಲೆಹಿಟ್ಟು ಏರಿದೆ, ಗ್ಯಾಸು ಏರಿದೆ. ರದ್ದಿ ಒಂದೇ ಅವನಿಗೆ ಅಗ್ಗಕ್ಕೆ ಸಿಗುವ ವಸ್ತು. "ಬಿಳೀ ಕಾಗದ ತಂದ್ರೆ ಒಂದ್ ರೂಪಾಯಿ ಜಾಸ್ತಿ ಕೇಳ್ಬೇಕಾಗ್ತದೆ. ಕೇಳಿದ್ರೆ ಗಿರಾಕಿ ಪಕ್ಕದ ಗಾಡಿಗೆ ಹೋಗ್ತಾನೆ" ಅಂತಾನೆ. ಸುಳ್ಳಲ್ಲ. ಅದೂ ಅಲ್ಲದೆ "ಇನ್ನೊಂದು ಪದರ ಪೇಪರ್ ಹಾಕಣ್ಣ, ಎಣ್ಣೆ ಸೋರ್ತದೆ" ಎಂದು ಕೇಳಿ ಹಾಕಿಸಿಕೊಳ್ಳುವವನು ಗಿರಾಕಿಯೇ. ತಪ್ಪನ್ನು ಒಬ್ಬನ ತಲೆಗೆ ಕಟ್ಟಿ ದಂಡ ಹಾಕಿದರೆ ನ್ಯಾಯವಾಗುವುದಿಲ್ಲ.

ಒಬ್ಬ ಬದಲಾದರೆ ಅವನಿಗೆ ನಷ್ಟ, ಎಲ್ಲರೂ ಒಟ್ಟಿಗೆ ಬದಲಾದರೆ ಯಾರಿಗೂ ನಷ್ಟವಿಲ್ಲ. ಇಡೀ ಸಮಸ್ಯೆಯ ಗುಟ್ಟು ಇಷ್ಟೇ. ಒಂದು ಬೀದಿಯ ಹತ್ತು ಗಾಡಿಯವರೂ ಒಂದೇ ದಿನ ಪೇಪರ್ ಬಿಟ್ಟರೆ, ಗಿರಾಕಿ ಒಂದು ರೂಪಾಯಿ ಉಳಿಸಲು ಹರಿಹರಕ್ಕೆ ಹೋಗುತ್ತಾನೆಯೇ?

ಇದನ್ನು ಮಾಡಿಸಬೇಕಾದವರು ಯಾರು? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪ್ರತಿ ಪಟ್ಟಣಕ್ಕೂ ಒಂದು ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಕೂರಬೇಕು. ಗಾಡಿ ಎಲ್ಲಿ ನಿಲ್ಲಬೇಕು ಎಂದು ಜಗ್ಗಾಡಲು ಮಾತ್ರ ಆ ಸಮಿತಿಯೇ? ಅಚ್ಚಿಲ್ಲದ, ಆಹಾರಕ್ಕೆ ತಕ್ಕ ಕಾಗದವನ್ನು ಸಗಟಿನಲ್ಲಿ ತರಿಸಿ ಗಾಡಿಯವರಿಗೆ ಅಸಲು ದರಕ್ಕೆ ಕೊಡುವ ಕೆಲಸ ಅದರಿಂದ ಆಗಬಹುದು. ಮಹಾನಗರ ಪಾಲಿಕೆಯವರು ಮನಸ್ಸು ಮಾಡಿದರೆ ಒಂದು ಸಭೆಯ ಕೆಲಸ. ದಂಡದ ರಸೀದಿ ಪುಸ್ತಕ ಅದಾದ ಮೇಲೆ ತೆಗೆಯಲಿ.

ಹಾಗಂತ ಪ್ಲಾಸ್ಟಿಕ್ ಬೇಡ

ಪೇಪರ್ ಬೇಡ ಎಂದ ಕೂಡಲೇ ತೆಳು ಪ್ಲಾಸ್ಟಿಕ್ ಕವರಿಗೆ ಕೈ ಹಾಕಿದರೆ ಅದು ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. 120 ಮೈಕ್ರಾನ್‌ಗಿಂತ ತೆಳುವಾದ ಕೈಚೀಲಗಳನ್ನು 2022ರ ಡಿಸೆಂಬರ್ 31ರಿಂದ ದೇಶಾದ್ಯಂತ ನಿಷೇಧಿಸಿದ್ದಾರೆ. ಆದರೂ ಬಿಸಿ ಸಾಂಬಾರು ಕವರಿನಲ್ಲಿ ಗಂಟು ಹಾಕಿಸಿಕೊಂಡು ಹೋಗುವವರಿಗೆ ಬರವಿಲ್ಲ. ಅದರ ಬದಲು ಬಾಳೆ ಎಲೆ ಇದೆ. ನಮ್ಮ ಹಳ್ಳಿಗಳ ಮದುವೆಗಳಲ್ಲಿ ಉಂಡ ಮುತ್ತುಗದ ಎಲೆ ಇದೆ. ಒಂದು ತುಂಡು ಎಲೆ ಒಳಗೆ, ಬಿಳೀ ಕಾಗದ ಹೊರಗೆ. ಎಣ್ಣೆಯ ಚಿಂತೆಯೇ? ಕಬ್ಬಿಣದ ಜಾಲರಿಯಲ್ಲಿ ಎರಡು ನಿಮಿಷ ಬಿಟ್ಟರೆ ಎಣ್ಣೆ ತಾನೇ ಸೋರಿ ಬಾಣಲೆಗೇ ಬೀಳುತ್ತದೆ. ಉಳಿತಾಯ ಅಂಗಡಿಯವನದೇ.

ಬಸ್ಸಿನವರಿಗೆ ಇನ್ನೂ ಸುಲಭದ ದಾರಿ ಇದೆ. ಬೆಳಿಗ್ಗೆ ಬುತ್ತಿ ತಂದ ಸ್ಟೀಲ್ ಡಬ್ಬಿ ಸಂಜೆ ಚೀಲದಲ್ಲಿ ಖಾಲಿ ಕೂತಿರುತ್ತದೆ. ಅದನ್ನೇ ನಲ್ಲಿಯಡಿ ಹಿಡಿದು ತೊಳೆದು, "ಇದ್ರಾಗೆ ಹಾಕಣ್ಣ" ಎಂದರೆ ಮುಗಿಯಿತು. ಕಾಸು ಖರ್ಚಿಲ್ಲ, ಕಾನೂನು ಬೇಕಿಲ್ಲ, ಮನೆ ಮುಟ್ಟುವ ತನಕ ಬಿಸಿ. ನಾಚಿಕೆ ಪಡುವಂಥದ್ದೇನೂ ಇಲ್ಲ. ಹಿಂದಿನವರು ಹಾಲಿಗೆ ಚೊಂಬು, ಎಣ್ಣೆಗೆ ಡಬ್ಬ, ಸಂತೆಗೆ ಚೀಲ ಹಿಡಿದೇ ಹೋಗುತ್ತಿದ್ದರು. ಡಬ್ಬಿ ತಂದವರಿಗೆ ಅಂಗಡಿಯವನು ಒಂದು ಹಿಡಿ ಮಂಡಕ್ಕಿ ಜಾಸ್ತಿ ಹಾಕಿದರೆ ಒಂದು ತಿಂಗಳಲ್ಲಿ ಊರೆಲ್ಲ ಡಬ್ಬಿ ಹಿಡಿಯುತ್ತದೆ.

ಈ ಮಾತು ಪತ್ರಿಕೆಯಲ್ಲೇ ಬರಬೇಕಾದ ಮಾತು. ಸಂಜೆ ಓದಿದ ಪತ್ರಿಕೆಗೆ ಮರುದಿನ ಕಿಲೋ ಲೆಕ್ಕದ ಬೆಲೆ. ಮಾರಾಟವಾಗದೆ ಉಳಿದ ಪ್ರತಿಗಳ ದಾರಿಯೂ ರದ್ದಿಯೇ. ಆ ರದ್ದಿ ಮತ್ತೆ ಕಾಗದದ ಕಾರ್ಖಾನೆಗೆ ಹೋಗಲಿ, ಕಪಾಟಿನ ತಳಕ್ಕೆ ಹಾಸಿಗೆಯಾಗಲಿ, ಗಾಜು ಒರೆಸಲಿಕ್ಕಾಗಲಿ. ಪತ್ರಿಕೆಯನ್ನು ಓದಿ, ಒಪ್ಪಿಗೆಯಾಗದಿದ್ದರೆ ಬೈಯಿರಿ. ಮಕ್ಕಳ ಬಾಯಿಗೆ ಹೋಗುವ ತಿಂಡಿಗೆ ಮಾತ್ರ ಅದನ್ನು ಮುಟ್ಟಿಸಬೇಡಿ.