ಹೊಗೆ ಕಾಣದಿದ್ದರೆ ವಿಷ ಇಲ್ಲವೆಂದಲ್ಲ

ಸೇಲಂ, ಧರ್ಮಪುರಿ ಕಡೆ ಹಳೆಯ ಡೀಸೆಲ್ ಕಾರು ಇಟ್ಟುಕೊಂಡಿರುವ ಕೆಲವರು ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿ ಗಾಡಿಯನ್ನು ಹಿಂದಕ್ಕೆ ಕರೆಯುವುದು, ಎಂದರೆ ಸಿಡಿಮಿಡಿಗೊಳ್ಳುತ್ತಾರೆ. ಅವರ ವಾದಗಳಿಗೆ ಉತ್ತರ ಕೊಡಲೇಬೇಕು.

"ಎಮಿಷನ್ ಟೆಸ್ಟ್ ಪಾಸಾಗಿದೆ, ಇನ್ನೇನು?" ಎನ್ನುತ್ತಾರೆ. ಆ ಟೆಸ್ಟಿನಲ್ಲಿ ನಿಂತ ಡೀಸೆಲ್ ಗಾಡಿಯ ಆಕ್ಸಿಲರೇಟರ್ ಒತ್ತಿ ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಸೇಲಂ ಕಡೆಯಿಂದ ತುಂಬಿದ ಗಾಡಿ ತೊಪ್ಪೂರು ಘಾಟಿ ಹತ್ತುವಾಗ ಇಂಜಿನ್ನಿನೊಳಗಿನ ಕಾವು ಏರಿ, ಆ ಅನಿಲ ಹೆಚ್ಚುತ್ತದೆ. ಕಣ್ಣಿಗೆ ಕಾಣದಿದ್ದರೂ ಶ್ವಾಸಕೋಶಕ್ಕೆ ಅದು ಕೆಡುಕೇ.

"ಫೋಕ್ಸ್‌ವ್ಯಾಗನ್ ಎಮಿಷನ್ ಟೆಸ್ಟಿನಲ್ಲಿ ಮೋಸ ಮಾಡಿದ್ದು ಅಮೆರಿಕದಲ್ಲಿ" ಎಂಬುದು ಅರ್ಧ ಸತ್ಯ. 2015ರಲ್ಲಿ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಇಲ್ಲಿನ ರಸ್ತೆಯಲ್ಲೇ ಪರೀಕ್ಷಿಸಿದಾಗ ಆ ಕಂಪನಿಯ ಇಎ189 ಡೀಸೆಲ್ ಇಂಜಿನ್ನಿನ ಕಾರುಗಳು ನೈಟ್ರೋಜನ್ ಆಕ್ಸೈಡನ್ನು ಬಿಎಸ್ 4 ಮಾಲಿನ್ಯ ಮಿತಿಗಿಂತ 1.1ರಿಂದ 2.6 ಪಟ್ಟು ಹೆಚ್ಚು ಉಗುಳಿದವು. ಆ ಡಿಸೆಂಬರಿನಲ್ಲಿ 3,23,700 ಕಾರುಗಳ ರೀಕಾಲ್ ಘೋಷಣೆಯಾಯಿತು. ಭಾರತದ ಕಾನೂನು ಮುರಿದಿಲ್ಲ ಎಂದಿತು ಕಂಪನಿ. ರಸ್ತೆಯ ಮೇಲಿನ ಪರೀಕ್ಷೆ ಆಗ ಕಡ್ಡಾಯವಿರಲಿಲ್ಲ, ನಿಜ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಂಪನಿಗೆ 500 ಕೋಟಿ ರೂಪಾಯಿ ದಂಡ ಹಾಕಿತು. ಬಲವಂತದ ವಸೂಲಿಗೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ದಂಡದ ವ್ಯಾಜ್ಯ ಏನೇ ಆಗಲಿ, ಅಳೆದ ಅಂಕಿ ಅಳಿಸಿಹೋಗುವುದಿಲ್ಲ. ಜನರಲ್ ಮೋಟಾರ್ಸ್‌ನ ತವೇರಾ ಗಾಡಿಯ ಕಥೆ ಇನ್ನೂ ಕೆಟ್ಟದು. ಕಂಪನಿಯವರೇ ತಪಾಸಣೆಗೆ ಕಡಿಮೆ ಹೊಗೆಯ ಇಂಜಿನ್ನುಗಳನ್ನೇ ಆರಿಸಿ ಇಟ್ಟಿದ್ದರು. 2013ರಲ್ಲಿ ಅವರು 1.14 ಲಕ್ಷ ಗಾಡಿ ಹಿಂದಕ್ಕೆ ಕರೆಯಬೇಕಾಯಿತು.

ಮೆಕ್ಯಾನಿಕ್‌ಗಳ ವಾದಕ್ಕೆ ಮಾತ್ರ ತೂಕವಿದೆ: "ರೀಕಾಲ್‌ನ ಹೊಸ ಸಾಫ್ಟ್‌ವೇರ್ ಹಾಕಿಸಿದರೆ ಇಜಿಆರ್ ಕಟ್ಟಿಕೊಳ್ಳುತ್ತದೆ, ಪುಲ್ಲಿಂಗ್ ಹೋಗುತ್ತದೆ." ಯೂರೋಪಿನಲ್ಲೂ ಅನೇಕ ಮಾಲೀಕರು ಹೀಗೆಯೇ ದೂರಿದ್ದಾರೆ. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಟ್ಟು ಕಾವು ಇಳಿಸುವುದೇ ಇಜಿಆರ್ ವಾಲ್ವಿನ ಕೆಲಸ. ಆ ಹೊಗೆಯ ಮಸಿ ಆಯಿಲ್ ಆವಿಯೊಂದಿಗೆ ಸೇರಿ ಗಟ್ಟಿಯಾಗಿ, ವಾಲ್ವ್ ಸಿಕ್ಕಿಕೊಳ್ಳುತ್ತದೆ. ಈ ದೌರ್ಬಲ್ಯ ನಿಜ. ಅದಕ್ಕೆ ಪರಿಹಾರ ವಾಲ್ವ್, ಮ್ಯಾನಿಫೋಲ್ಡ್ ಬಿಚ್ಚಿ ಮಸಿ ತೆಗೆಯುವುದು. ಅದರ ಬದಲು ಪ್ಲೇಟ್ ಇಟ್ಟು ಇಜಿಆರ್ ದಾರಿಯನ್ನೇ ಮುಚ್ಚಿದರೆ ಕಾವು ಏರಿ, ಯಾವ ಅನಿಲ ತಡೆಯಲು ರೀಕಾಲ್ ಬಂತೋ ಅದೇ ಹೆಚ್ಚುತ್ತದೆ. ಮಾಲಿನ್ಯದ ನಿಯಮ ಮುರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲೂ ಆಗಬಹುದು.

"ಲಾರಿಗಳು ಇನ್ನೂ ಹೆಚ್ಚು ಉಗುಳುವುದಿಲ್ಲವೇ?" ಉಗುಳುತ್ತವೆ. ಅದರಿಂದ ನಿಮ್ಮ ಕಾರಿನ ಪಾಲು ಕಡಿಮೆಯಾಗುವುದಿಲ್ಲ.

ಮಾಲೀಕರೇ, ಚಾಸಿ ನಂಬರ್ ಕೊಟ್ಟು ನಿಮ್ಮ ಕಾರಿಗೆ ರೀಕಾಲ್ ಬಾಕಿಯಿದೆಯೇ ಎಂದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಪ್ಲೇಟ್ ಹಾಕಿಸಿದ್ದರೆ ಇವತ್ತೇ ತೆಗೆಸಿ.