ದುರಸ್ತಿ ಬೇರೆ, ಹೊಸ ಸರಕು ಬೇರೆ

ಗಡಿಯಾರದ ಮುಳ್ಳು ನಿಂತರೆ ಗಡಿಯಾರ ಕೆಟ್ಟಿತೆಂದು ಮಗುವಿಗೂ ತಿಳಿಯುತ್ತದೆ. ಹೊಲಿಗೆ ಯಂತ್ರದ ಸೂಜಿ ಮುರಿದರೆ ಬೇರೆ ಸೂಜಿ ಹಾಕಿ ಹೊಲಿಗೆ ಮುಂದುವರಿಸುತ್ತೇವೆ. ಆದರೆ ಏನೂ ಕೆಡದೆ, ಏನೂ ಮುರಿಯದೆ, ನಿನ್ನೆ ಸಂಜೆಯವರೆಗೂ ತಪ್ಪಿಲ್ಲದೆ ಅಂಗಡಿಯ ಲೆಕ್ಕ ಬರೆದ ಯಂತ್ರವೊಂದು, ದೂರ ದೇಶದ ಕಂಪನಿಯೊಂದು ಒಂದು ತಾರೀಖಿಗೆ ಗೆರೆ ಎಳೆಯಿತೆಂಬ ಒಂದೇ ಕಾರಣಕ್ಕೆ ಕೆಲಸಕ್ಕೆ ಬಾರದ್ದಾಯಿತೆಂದರೆ ಅದಕ್ಕೆ ಏನೆನ್ನಬೇಕು?

ಆ ತಾರೀಖು 2025ರ ಅಕ್ಟೋಬರ್ 14. ಅಂದು ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ 10ಕ್ಕೆ ಉಚಿತವಾಗಿ ಕೊಡುತ್ತಿದ್ದ ದುರಸ್ತಿಯನ್ನು ನಿಲ್ಲಿಸಿತು. ಉಚಿತವೆಂಬುದು ಕಂಪನಿಯ ಮಾತು. ಯಂತ್ರ ಕೊಳ್ಳುವಾಗಲೇ ಬೆಲೆಯೊಳಗೆ ಅದರ ಹಣವನ್ನೂ ನಾವು ಕೊಟ್ಟಿದ್ದೇವೆ ಎಂಬುದು ನಮ್ಮ ಮಾತು. ಕಿರಾಣಿ ಅಂಗಡಿಯ ಗಲ್ಲೆಯ ಪಕ್ಕದ ಕಂಪ್ಯೂಟರ್, ಕಾರ್ಮಿಕ ಸಂಘದ ಸದಸ್ಯರ ಪಟ್ಟಿ ಇರುವ ಕಂಪ್ಯೂಟರ್, ಗಿರಣಿ ಕಾರ್ಮಿಕನ ಮಗಳು ಓದಿಗೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿಕೊಂಡ ಕೈಬದಲಾದ ಲ್ಯಾಪ್‌ಟಾಪ್, ಇಂಥ ಎಲ್ಲದಕ್ಕೂ ಇದು ತಟ್ಟುವ ವಿಷಯ. ಮಾರುವವರು ಹೇಳುವುದು ಒಂದೇ: "ಇದರ ಕಾಲ ಮುಗಿಯಿತು, ಹೊಸದು ತಗೊಳ್ಳಿ." ಹೊಸದು ಎಂದರೆ ಹಲವರಿಗೆ ಎರಡು ತಿಂಗಳ ಸಂಬಳ. ಆದುದರಿಂದ ದುಡ್ಡು ಬಿಚ್ಚುವ ಮುನ್ನ ಈ ವಿಷಯವನ್ನು ಬಿಡಿಸಿ ನೋಡುವುದು ಒಳ್ಳೆಯದು.

ಎರಡು ಬಗೆಯ ಬದಲಾವಣೆ

ಗಿರಣಿಯಲ್ಲಿ ನೂರಾರು ಮಗ್ಗಗಳಿರುತ್ತವೆ, ನೂರಾರು ಕೈಗಳಿರುತ್ತವೆ. ಯಾರು ಯಾವ ಮಗ್ಗಕ್ಕೆ, ಯಾವಾಗ ಎಂದು ನೋಡಿಕೊಳ್ಳುವವನು ಜಾಬರ್. ಕಂಪ್ಯೂಟರಿನೊಳಗೆ ಆ ಜಾಬರನ ಕೆಲಸ ಮಾಡುವ ಮೂಲ ತಂತ್ರಾಂಶವೇ ವಿಂಡೋಸ್. ಕೀಲಿಮಣೆ, ಮುದ್ರಣ ಯಂತ್ರ, ಲೆಕ್ಕದ ತಂತ್ರಾಂಶ ಎಲ್ಲವೂ ಅದರ ಮಾತು ಕೇಳುತ್ತವೆ. ಈ ಜಾಬರನಿಗೆ ಕಂಪನಿಯಿಂದ ಎರಡು ಬಗೆಯ ಬದಲಾವಣೆ ಬರುತ್ತದೆ. ಮೊದಲನೆಯದು ದುರಸ್ತಿ. ಎಲ್ಲೋ ಒಂದು ಬಿರುಕು ಕಂಡಿತು, ಕಳ್ಳರು ನುಗ್ಗಬಹುದು, ಅದನ್ನು ಮುಚ್ಚುತ್ತಾರೆ. ಎರಡನೆಯದು ಹೊಸ ಆವೃತ್ತಿ. ಹೊಸ ರೂಪ, ಹೊಸ ಬೇಡಿಕೆ, ಹೊಸ ಕರಾರು. ವಿಂಡೋಸ್ 10ರ ಜಾಗಕ್ಕೆ ವಿಂಡೋಸ್ 11 ಬರುವುದು ಈ ಎರಡನೆಯ ಬಗೆ.

ನಮ್ಮ ವರ್ತಕ ಬಂಧುಗಳಿಗೆ ತಿಳಿದ ದೃಷ್ಟಾಂತ ಕೊಡುವುದಾದರೆ, ತೂಕ ಮತ್ತು ಅಳತೆ ಇಲಾಖೆಯವರು ಅವಧಿಗೊಮ್ಮೆ ತಕ್ಕಡಿಯನ್ನೂ ತೂಕದ ಕಲ್ಲುಗಳನ್ನೂ ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ತೂಕ ಸರಿಯಿದ್ದರೆ ಇಪ್ಪತ್ತು ವರ್ಷದ ತಕ್ಕಡಿಗೂ ಮುದ್ರೆ ಬೀಳುತ್ತದೆ. "ಮುದ್ರೆ ಬೇಕಾದರೆ ಹೊಸ ತಕ್ಕಡಿ ಕೊಳ್ಳಿ" ಎಂದು ಯಾವ ಅಧಿಕಾರಿಯೂ ಹೇಳುವಂತಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ನಡೆದಿರುವುದು ಇದೇ. ಮುದ್ರೆಯನ್ನೂ ಹೊಸ ತಕ್ಕಡಿಯನ್ನೂ ಒಂದೇ ಗಂಟಿನಲ್ಲಿ ಕಟ್ಟಿ ನಮ್ಮ ಮುಂದೆ ಇಟ್ಟಿದ್ದಾರೆ.

ಭಯ ಸುಳ್ಳಲ್ಲ

ಹಾಗೆಂದು ಬದಲಾವಣೆಯೇ ಬೇಡ, ಹಳೆಯದರಲ್ಲೇ ಕೂತಿರೋಣ ಎನ್ನುವವರ ಮಾತನ್ನು ನಾವು ಒಪ್ಪುವುದಿಲ್ಲ. 2017ರ ಮೇ 12ರಂದು ವಾನ್ನಾಕ್ರೈ ಎಂಬ ಹುಳ ಜಗತ್ತಿನ ಕಂಪ್ಯೂಟರುಗಳಿಗೆ ಬಿತ್ತು. ನೂರೈವತ್ತಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಜಡಿದು, ಹಣ ಕೊಟ್ಟರೆ ಬೀಗ ತೆಗೆಯುವೆವೆಂದು ಕಳ್ಳರು ಹೆದರಿಸಿದರು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಸರದಿ ರದ್ದಾಯಿತು. ಆ ಬಿರುಕನ್ನು ಮುಚ್ಚುವ ದುರಸ್ತಿ ಅದೇ ವರ್ಷ ಮಾರ್ಚ್ 14ರಂದೇ ಬಂದಿತ್ತು. ಸುಮಾರು ಎರಡು ತಿಂಗಳ ಕಾಲ ಅದನ್ನು ಹಾಕಿಕೊಳ್ಳದೆ ಬಿಟ್ಟವರೇ ಹೆಚ್ಚಾಗಿ ಕೆಟ್ಟರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ದುರಸ್ತಿ ಬೇಕು, ತಪ್ಪದೆ ಬೇಕು. ಸಾಲದ ಖಾತೆ, ಗಿರಾಕಿಗಳ ಹೆಸರು, ಸಂಘದ ಸದಸ್ಯರ ಚಂದಾ, ಬ್ಯಾಂಕಿನ ವ್ಯವಹಾರ ಇರುವ ಯಂತ್ರವನ್ನು ಬಿರುಕು ಬಿಟ್ಟು ಇಟ್ಟುಕೊಳ್ಳುವುದು ನಮಗಷ್ಟೇ ಅಲ್ಲ, ನಮ್ಮನ್ನು ನಂಬಿದವರಿಗೂ ಮಾಡಿದ ಅನ್ಯಾಯ. ಪ್ರಶ್ನೆ ಇರುವುದು ದುರಸ್ತಿಯ ಬಗ್ಗೆ ಅಲ್ಲ. ದುರಸ್ತಿ ಬೇಕೆಂದವನಿಗೆ ಹೊಸ ಸರಕನ್ನು ಏಕೆ ಹೊರಿಸಬೇಕು ಎಂಬುದೇ ಪ್ರಶ್ನೆ.

ಬಾಗಿಲು ಮುಚ್ಚಿದ ಬಗೆ

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ವಿಂಡೋಸ್ 10 ಇದ್ದ ಯೋಗ್ಯ ಯಂತ್ರಗಳಿಗೆ ಅದು ಪುಕ್ಕಟೆ ಎಂದು ಸಾರಿದರು. ಆದರೆ "ಯೋಗ್ಯ" ಎಂಬ ಮಾತಿನಲ್ಲೇ ಎಲ್ಲ ಅಡಗಿತ್ತು. ನಾಲ್ಕು ಜಿಬಿ ಸ್ಮರಣೆ, 64 ಜಿಬಿ ಸಂಗ್ರಹ ಬೇಕೆಂದರೆ ಸರಿ, ಅದು ದೊಡ್ಡ ಮಾತಲ್ಲ. ಟಿಪಿಎಂ 2.0 ಎಂಬ ಭದ್ರತೆಯ ಏರ್ಪಾಡು ಬೇಕು. ಇಂಟೆಲ್ ಸಂಸ್ಕಾರಕವಾದರೆ, ಒಂದೆರಡು ಮಾದರಿ ಬಿಟ್ಟು, ಎಂಟನೆಯ ತಲೆಮಾರಿನದ್ದೋ ಅದರ ಮುಂದಿನದ್ದೋ ಆಗಿರಬೇಕು. ಎಂಟನೆಯ ತಲೆಮಾರು ಪೇಟೆಗೆ ಬಂದದ್ದೇ 2017ರ ಕೊನೆಯ ಭಾಗದಲ್ಲಿ. ಅಂದರೆ 2017ರಲ್ಲಿ ಏಳನೆಯ ತಲೆಮಾರಿನ ಹೊಸ ಯಂತ್ರವನ್ನು ಪೂರಾ ಬೆಲೆ ಕೊಟ್ಟು ಕೊಂಡವನು ನಾಲ್ಕೇ ವರ್ಷದಲ್ಲಿ ಪಟ್ಟಿಯಿಂದ ಹೊರಗೆ ಬಿದ್ದ. 2015ರಲ್ಲಿ ಆ ಕಂಪನಿಯ ನೌಕರರೊಬ್ಬರು ವಿಂಡೋಸ್ 10 ಕೊನೆಯ ಆವೃತ್ತಿಯೆಂದು ಸಾರ್ವಜನಿಕ ಸಭೆಯಲ್ಲೇ ಹೇಳಿದ್ದರು. ಆ ಮಾತು ಕೇಳಿ ಕೊಂಡವರ ಪಾಡೂ ಇದೇ. ಸುಮಾರು 24 ಕೋಟಿ ಕಂಪ್ಯೂಟರುಗಳು ಈ ಕಾರಣದಿಂದ ಕಸವಾಗಬಹುದೆಂದು ಕೆನಲಿಸ್ ಎಂಬ ಸಂಶೋಧನಾ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು.

ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಹಳೆಯ ಆವೃತ್ತಿಯನ್ನು ಯುಗಯುಗಾಂತರ ಸಾಕುವುದು ಸಾಧ್ಯವಿಲ್ಲ, ಅದಕ್ಕೂ ಕೂಲಿ ಕೊಡಬೇಕು. ಹತ್ತು ವರ್ಷ ದುರಸ್ತಿ ಕೊಟ್ಟದ್ದು ಕಡಿಮೆಯೇನಲ್ಲ. ಹೊಸ ಏರ್ಪಾಡುಗಳಿಂದ ಭದ್ರತೆ ಹೆಚ್ಚುವುದೂ ಸುಳ್ಳಲ್ಲ. ಇದನ್ನು ಒಪ್ಪೋಣ. ಆದರೆ ದುರಸ್ತಿ ಮಾಡುವುದೇ ನಿಂತುಹೋಯಿತೆ ಎಂದು ಕೇಳಿ ನೋಡಿ. ಇಲ್ಲ! ಒಂದು ವರ್ಷದ ಹೆಚ್ಚುವರಿ ದುರಸ್ತಿಯನ್ನು ದೊಡ್ಡ ಸಂಸ್ಥೆಗಳಿಗೆ ಯಂತ್ರವೊಂದಕ್ಕೆ 61 ಡಾಲರಿನಂತೆ ಮಾರಾಟಕ್ಕಿಟ್ಟರು. ಬೆಲೆ ವರ್ಷವರ್ಷಕ್ಕೆ ದುಪ್ಪಟ್ಟು, ಮೂರು ವರ್ಷದವರೆಗೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗಿನ ದುರಸ್ತಿಗೆ 30 ಡಾಲರ್, ಇಲ್ಲವೆ ಕಂಪನಿಯ ಖಾತೆ ತೆರೆದು ಯಂತ್ರದ ಏರ್ಪಾಡುಗಳ ಪ್ರತಿಯನ್ನು ಅವರ ಬಳಿ ಇಡಬೇಕೆಂದು 2025ರಲ್ಲಿ ಸಾರಿದರು. ಕಾರ್ಖಾನೆಯ ಯಂತ್ರಗಳಂಥ ವಿಶೇಷ ಉಪಯೋಗಕ್ಕೆಂದು ಮಾರಿದ ವಿಂಡೋಸ್ 10ರ ಒಂದು ಆವೃತ್ತಿಗಂತೂ 2032ರ ಜನವರಿಯವರೆಗೆ ದುರಸ್ತಿಯ ಭರವಸೆ ಇದೆ. ವಾನ್ನಾಕ್ರೈ ಬಂದಾಗ, 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ರಾತ್ರೋರಾತ್ರಿ ದುರಸ್ತಿ ಕೊಟ್ಟರು. ಔಷಧ ಸಿದ್ಧವಾಗಿದೆ. ಯಾರಿಗೆ ಕೊಡಬೇಕು, ಯಾವ ಬೆಲೆಗೆ ಕೊಡಬೇಕು ಎಂಬುದಷ್ಟೇ ಕಂಪನಿಯ ತೀರ್ಮಾನ. ಸಾಮಾನ್ಯ ಬಳಕೆದಾರನ ಯಂತ್ರ ಹಳೆಯದಾದದ್ದು ಈ ತೀರ್ಮಾನದಿಂದ, ತುಕ್ಕಿನಿಂದ ಅಲ್ಲ.

ಹಾಕಿಸುವ ಮುನ್ನ

ಇಷ್ಟಾದರೂ ನಾಳೆ ಬೆಳಗ್ಗೆ ಅಂಗಡಿ ತೆಗೆಯಲೇಬೇಕು, ಬಿಲ್ಲು ಹರಿಯಲೇಬೇಕು. ಹೊಸ ಆವೃತ್ತಿ ಹಾಕಿಸುವವರು ಈ ಕೆಳಗಿನ ಮಾತುಗಳನ್ನು ಗಮನದಲ್ಲಿಡಬೇಕು.

ಮೊದಲು ಯಂತ್ರದ ಯೋಗ್ಯತೆಯನ್ನು ಸ್ವಂತ ಕಣ್ಣಿನಿಂದ ನೋಡಿರಿ. ಅದಕ್ಕೆಂದೇ ಪಿಸಿ ಹೆಲ್ತ್ ಚೆಕ್ ಎಂಬ ತಂತ್ರಾಂಶವನ್ನು ಕಂಪನಿ ಪುಕ್ಕಟೆ ಕೊಡುತ್ತದೆ. 2018ರ ನಂತರದ ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಆಫ್ ಆಗಿರುತ್ತದೆ. ತಿಳಿದ ಹುಡುಗನೊಬ್ಬ ಐದು ನಿಮಿಷದಲ್ಲಿ ಅದನ್ನು ಆನ್ ಮಾಡಬಲ್ಲ. ಅದನ್ನು ನೋಡದೆ "ನಿಮ್ಮದು ಆಗುವುದಿಲ್ಲ" ಎಂದವರ ಮಾತಿಗೆ ಜೇಬಿಗೆ ಕೈಹಾಕಬೇಡಿ.

ಎರಡನೆಯದು, ಕಡತಗಳ ಪ್ರತಿ. ಲೆಕ್ಕ, ಫೋಟೋ, ಪತ್ರ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಬೇರೆ ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ. 2018ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಕಡತಗಳನ್ನೇ ಅಳಿಸಿಹಾಕಿತು. ಕೆಲವೇ ದಿನದಲ್ಲಿ ಕಂಪನಿ ಅದನ್ನು ತಡೆಹಿಡಿದು, ನವೆಂಬರಿನಲ್ಲಿ ಸರಿಪಡಿಸಿ ಕೊಟ್ಟಿತು. ಅಳಿದುಹೋದ ಉದ್ರಿ ಲೆಕ್ಕವನ್ನು ಗಿರಾಕಿಯ ನೆನಪಿನಿಂದ ಬರೆದುಕೊಳ್ಳಲು ಆದೀತೆ?

ಮೂರನೆಯದು, ಹಳೆಯ ತಂತ್ರಾಂಶಗಳು ನಡೆಯುವುವೋ ಇಲ್ಲವೋ ಎಂಬ ವಿಚಾರ. ವಿಂಡೋಸ್ 11ರಲ್ಲಿ 32 ಬಿಟ್‌ನ ಆವೃತ್ತಿಯೇ ಇಲ್ಲ. ಆದುದರಿಂದ ಡಾಸ್ ಕಾಲದ ಲೆಕ್ಕದ ತಂತ್ರಾಂಶ ನೇರವಾಗಿ ನಡೆಯುವುದಿಲ್ಲ. ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಣ ಯಂತ್ರಕ್ಕೆ ಚಾಲಕ ತಂತ್ರಾಂಶ ಸಿಗುತ್ತದೆಯೆ ಎಂದು ಮುಂಚೆಯೇ ವಿಚಾರಿಸಿರಿ. ಯೂನಿಕೋಡ್ ಬರುವ ಮುನ್ನಿನ ನುಡಿ ಅಕ್ಷರಗಳಲ್ಲಿ ಬರೆದ ಕನ್ನಡ ಪತ್ರಗಳು ಇದ್ದರೆ ಆ ಅಕ್ಷರಗಳ ಕಡತವನ್ನೂ ನಕಲು ಮಾಡಿಡಿ. ಇಲ್ಲದಿದ್ದರೆ ನಿಮ್ಮ ಕನ್ನಡವೆಲ್ಲ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ.

ನಾಲ್ಕನೆಯದು, ಬಿಟ್‌ಲಾಕರ್ ಎಂಬ ಬೀಗ. ಈಚಿನ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಬಿದ್ದಿರುವುದುಂಟು. ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿ ಇಡಿ. ಕೊನೆಯದಾಗಿ, ಹೊಸ ಆವೃತ್ತಿ ಒಗ್ಗದಿದ್ದರೆ ಸಾಮಾನ್ಯವಾಗಿ ಹತ್ತು ದಿನದೊಳಗೆ ಹಳೆಯದಕ್ಕೆ ಮರಳಬಹುದು. ಆದುದರಿಂದ ತಿಂಗಳ ಕೊನೆ, ಜಿಎಸ್‌ಟಿ ಲೆಕ್ಕ ಕೊಡುವ ದಿನ, ಹಬ್ಬದ ವ್ಯಾಪಾರದ ವಾರ ಬಿಟ್ಟು, ವಾರದ ರಜೆಯ ದಿನ ಈ ಕೆಲಸಕ್ಕೆ ಕೈಹಾಕಿ.

ಯೋಗ್ಯವಲ್ಲದ ಯಂತ್ರ ಇರುವವರಿಗೆ ಬೇರೆ ದಾರಿಯೂ ಉಂಟು. ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಜಗತ್ತಿನ ಸಾವಿರಾರು ಜನ ಕೂಡಿ ಬೆಳೆಸಿದ ಲಿನಕ್ಸ್ ಯಾರೊಬ್ಬರ ಸ್ವತ್ತೂ ಅಲ್ಲ. ಉಬುಂಟು, ಮಿಂಟ್ ಮುಂತಾದ ರೂಪಗಳಲ್ಲಿ ಅದು ಬೆಲೆಯಿಲ್ಲದೆ ಸಿಗುತ್ತದೆ, ಹಳೆಯ ಯಂತ್ರಗಳಲ್ಲೂ ನಡೆಯುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಬಹು ವರ್ಷಗಳಿಂದ ಅದರಲ್ಲೇ ಪಾಠ ನಡೆಸಿವೆ. ಓದುವ ಮಕ್ಕಳಿಗೆ, ಪತ್ರ ಬರೆಯುವ ಸಂಘದ ಕಚೇರಿಗೆ ಇದು ಸಾಕು. ಆದರೆ ವರ್ತಕರು ಒಂದು ಮಾತು ತಿಳಿದಿರಬೇಕು: ನಮ್ಮ ಬೆಂಗಳೂರಿನ ಕಂಪನಿಯದೇ ಆದ ಟ್ಯಾಲಿಯನ್ನು ವಿಂಡೋಸಿಗೆಂದು ತಯಾರಿಸಿದ್ದಾರೆ. ಅದನ್ನೇ ನಂಬಿದ ಅಂಗಡಿ ಲೆಕ್ಕ ಹಾಕಿಯೇ ದಾರಿ ಆರಿಸಬೇಕು.

ನಾವು ಕೇಳುವುದಿಷ್ಟೆ

ಒಬ್ಬೊಬ್ಬರೇ ಎಚ್ಚರವಾಗಿದ್ದರೆ ಸಾಲದು, ಕಾನೂನೂ ಎಚ್ಚರಗೊಳ್ಳಬೇಕು. ಇದು ಆಗದ ಮಾತಲ್ಲ. ಯುರೋಪಿನ ಒಕ್ಕೂಟ 2024ರಲ್ಲಿ ಸೈಬರ್ ರೆಸಿಲಿಯೆನ್ಸ್ ಆಕ್ಟ್ ಎಂಬ ಕಾಯಿದೆಯನ್ನು ಮಾಡಿತು. ಅದರ ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರುವ ದಿನ 2027ರ ಡಿಸೆಂಬರ್ 11. ಸಾಮಾನ್ಯವಾಗಿ ಕಡಿಮೆಯೆಂದರೆ ಐದು ವರ್ಷ ದುರಸ್ತಿ ಕೊಡಬೇಕೆಂದು ಅದು ಹೇಳುತ್ತದೆ. ಅದಕ್ಕಿಂತ ಮುಖ್ಯವಾದದ್ದು, ತಾಂತ್ರಿಕವಾಗಿ ಸಾಧ್ಯವಿದ್ದಲ್ಲೆಲ್ಲ ಭದ್ರತೆಯ ದುರಸ್ತಿಯನ್ನು ಹೊಸ ಸೌಲಭ್ಯಗಳಿಂದ ಬೇರ್ಪಡಿಸಿಯೇ ಕೊಡಬೇಕೆಂದೂ ಹೇಳುತ್ತದೆ. ದುರಸ್ತಿ ಬೇರೆ, ಹೊಸ ಸರಕು ಬೇರೆ ಎಂಬ ಮಾತು ಅಲ್ಲಿ ಕಾನೂನಾಗಿದೆ.

ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ಹೆಸರಿನಲ್ಲಿ ಒಂದು ಜಾಲತಾಣ ತೆರೆಯಿತು. ಹೆಸರು ಚೆನ್ನಾಗಿದೆ, ಅದಕ್ಕೆ ಕಾಯಿದೆಯ ಬಲವೂ ಬೇಕು. ಮಾತ್ರೆಯ ಪಟ್ಟಿಯ ಮೇಲೆ ಅವಧಿಯ ತಾರೀಖು ಮುದ್ರಿಸುವಂತೆ, ಕಂಪ್ಯೂಟರಿನ ಪೆಟ್ಟಿಗೆಯ ಮೇಲೆ "ಇಂಥ ತಾರೀಖಿನವರೆಗೆ ದುರಸ್ತಿ ಸಿಗುತ್ತದೆ" ಎಂದು ಕನ್ನಡದಲ್ಲೂ ಮುದ್ರಿಸಲಿ. ಆ ಅವಧಿಯಲ್ಲಿ ದುರಸ್ತಿಯ ಜೊತೆಗೆ ಹೊಸ ಸರಕನ್ನು ಕಟ್ಟದಿರಲಿ. ಅವಧಿ ಮುಗಿದ ಮೇಲೂ ದುರಸ್ತಿಯನ್ನು ತಯಾರಿಸಿ ದೊಡ್ಡವರಿಗೆ ಮಾರುವುದಾದರೆ, ಚಿಕ್ಕವರಿಗೂ ಅದನ್ನು ನ್ಯಾಯವಾದ ಬೆಲೆಗೆ ಕೊಡಲಿ. ನಮ್ಮ ಐಟಿಐಗಳಲ್ಲಿ ಹಳೆಯ ಯಂತ್ರಗಳನ್ನು ಉಳಿಸುವ ವಿದ್ಯೆಯನ್ನೂ ಕಲಿಸಲಿ. ನಾಲ್ಕು ಹುಡುಗರಿಗೆ ಅನ್ನವೂ ಆದೀತು, ನಲವತ್ತು ಅಂಗಡಿಗಳ ದುಡ್ಡೂ ಉಳಿದೀತು.

ತಕ್ಕಡಿಗೆ ಮುದ್ರೆ ಹಾಕಿಸಲು ನಾವು ಎಂದೂ ಹಿಂಜರಿದಿಲ್ಲ. ಆದರೆ ಮುದ್ರೆ ಹಾಕುವವನೇ ತಕ್ಕಡಿ ಮಾರುವವನೂ ಆಗಿರುವಾಗ, ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳುವುದು ನಮ್ಮ ಹಕ್ಕು.