ಯವನ ಕಾವ್ಯವೂ ನಮ್ಮ ಕಥೆಗಾರಿಕೆಯೂ

ಪ್ರಾಚೀನ ಗ್ರೀಕರ ಕಾವ್ಯದ ಪ್ರಸ್ತಾಪ ಬಂದಾಗಲೆಲ್ಲ ನಮ್ಮವರ ನಡುವೆ ಎರಡು ಬಗೆಯ ಮಾತುಗಳು ಕೇಳಿಬರುವುದುಂಟು. ರಾಮಾಯಣ ಮಹಾಭಾರತಗಳಿರುವ ನಾಡಿಗೆ ಹೋಮರನ ಹಂಗೇಕೆ ಎಂಬುದು ಮೊದಲನೆಯದು. ಸೀತಾಪಹರಣದ ಕಥೆಯನ್ನು ಕೇಳಿ ಗ್ರೀಕರು ಹೆಲೆನಳ ಕಥೆಯನ್ನು ಕಟ್ಟಿದರೋ, ಅವರದನ್ನು ಕೇಳಿ ನಮ್ಮವರು ಕಟ್ಟಿದರೋ ಎಂಬ ವಾಗ್ವಾದ ಎರಡನೆಯದು. ಈ ಎರಡರಿಂದಲೂ ಕಾವ್ಯಕ್ಕಾಗಲಿ ಓದುಗನಿಗಾಗಲಿ ಯಾವ ಲಾಭವೂ ಆಗಿಲ್ಲವೆಂಬುದು ನಮ್ಮ ಅಭಿಪ್ರಾಯ.

ಎರಡನೆಯ ವಾದಕ್ಕೆ ನಮ್ಮ ಈ ಮುಂಬಯಿಯೇ ಹಿಂದೊಮ್ಮೆ ರಂಗಸ್ಥಳವಾಗಿತ್ತು. ಜರ್ಮನ್ ವಿದ್ವಾಂಸ ಆಲ್ಬ್ರೆಕ್ಟ್ ವೆಬರನು ರಾಮಾಯಣದ ಮೇಲೆ ಹೋಮರನ ಪ್ರಭಾವವಿದೆಯೆಂದು ವಾದಿಸಿದಾಗ, ಮುಂದೆ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾದ ಕಾಶೀನಾಥ ತ್ರ್ಯಂಬಕ ತೆಲಂಗರು ೧೮೭೩ರಲ್ಲಿ ಇಲ್ಲಿಂದಲೇ ಆಂಗ್ಲ ಭಾಷೆಯಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿ ಅದನ್ನು ಖಂಡಿಸಿದರು. ಅಂದಿನ ಕಾಲಕ್ಕೆ ಆ ಉತ್ತರ ಅವಶ್ಯವಾಗಿತ್ತು. ಆದರೆ ಇಂದಿಗೂ ನಾವು ಸಾಲದ ಲೆಕ್ಕವನ್ನೇ ಬರೆಯುತ್ತಾ ಕುಳಿತರೆ ಕಥೆಯ ರುಚಿಯನ್ನು ನೋಡುವುದು ಯಾವಾಗ? ಎರಡು ಕಥೆಗಳನ್ನು ಹೋಲಿಸಬೇಕಾದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ಪೂರ್ತಿಯಾಗಿ ಹೇಳಬೇಕು. ಇದೇ ಸರಿಯಾದ ವಿಧಾನವೆಂದು ನಾವು ತಿಳಿದಿದ್ದೇವೆ.

ಉದಾಹರಣೆಗೆ ಒಂದೇ ಸನ್ನಿವೇಶವನ್ನು ತೆಗೆದುಕೊಳ್ಳೋಣ. ಮಕ್ಕಳನ್ನು ಕಳೆದುಕೊಂಡ ವೃದ್ಧನಾದ ಅರಸನೊಬ್ಬನು ಅವರನ್ನು ಕೊಂದವನೆದುರು ಬಂದು ನಿಲ್ಲುತ್ತಾನೆ. ಇಲಿಯಡ್ ಕಾವ್ಯದಲ್ಲಿ ೧೫,೦೦೦ಕ್ಕೂ ಮಿಕ್ಕ ಸಾಲುಗಳಿವೆ. ಅದರ ಕೊನೆಯ, ಅಂದರೆ ೨೪ನೆಯ, ಸರ್ಗದಲ್ಲಿ ಟ್ರಾಯ್ ನಗರದ ಮುದಿ ದೊರೆ ಪ್ರಿಯಾಮನು ರಾತ್ರಿಯ ವೇಳೆ ಶತ್ರುವಿನ ಪಾಳೆಯವನ್ನು ಹೊಕ್ಕು, ತನ್ನ ಮಗ ಹೆಕ್ಟರನನ್ನು ಕೊಂದ ಅಖಿಲೀಸನ ಮೊಣಕಾಲುಗಳನ್ನು ಹಿಡಿದು, ಆ ಕೊಂದ ಕೈಗಳಿಗೇ ಮುತ್ತಿಡುತ್ತಾನೆ. ನಿನ್ನ ತಂದೆಯನ್ನು ನೆನೆದುಕೋ ಎಂದು ಬೇಡುತ್ತಾನೆ. ಒಬ್ಬನು ಮಗನನ್ನು ನೆನೆದು, ಇನ್ನೊಬ್ಬನು ತಂದೆಯನ್ನೂ ಸತ್ತ ಗೆಳೆಯನನ್ನೂ ನೆನೆದು, ಇಬ್ಬರೂ ಒಟ್ಟಿಗೆ ಅಳುತ್ತಾರೆ.

ಈಗ ವ್ಯಾಸಭಾರತದ ಸ್ತ್ರೀಪರ್ವವನ್ನು ನೋಡಿರಿ. ಯುದ್ಧ ಮುಗಿದ ಮೇಲೆ ಕುರುಡ ಧೃತರಾಷ್ಟ್ರನು ಭೀಮನನ್ನು ಆಲಿಂಗಿಸಲು ಕೈ ಚಾಚುತ್ತಾನೆ. ಆ ಅಪ್ಪುಗೆಯೊಳಗಿನ ವಿಷವನ್ನು ಅರಿತ ಕೃಷ್ಣನು ಭೀಮನನ್ನು ಹಿಂದಕ್ಕೆ ತಳ್ಳಿ ಕಬ್ಬಿಣದ ಪ್ರತಿಮೆಯನ್ನು ಮುಂದಿಡುತ್ತಾನೆ. ಮುದುಕನು ಅದನ್ನು ಅಪ್ಪಿ ನುಚ್ಚುನೂರು ಮಾಡಿ, ನೆತ್ತರು ಕಾರಿ ನೆಲಕ್ಕೆ ಬೀಳುತ್ತಾನೆ. ಬಳಿಕ ಅಯ್ಯೋ ಭೀಮಾ ಎಂದು ಗೋಳಾಡುತ್ತಾನೆ. ಆ ಕಣ್ಣೀರು ನಿಜವೋ ನಟನೆಯೋ ಎಂಬುದು ಇಂದಿಗೂ ಕೇಳುವವರನ್ನು ಕಾಡುವ ಪ್ರಶ್ನೆ.

ಎರಡು ಕಡೆಯೂ ತಂದೆಯ ದುಃಖ ಒಂದೇ. ಆದರೆ ಒಬ್ಬನ ಕೈ ಬೇಡುವುದಕ್ಕೆ ಚಾಚಿದೆ, ಇನ್ನೊಬ್ಬನದು ಪುಡಿಮಾಡುವುದಕ್ಕೆ. ವ್ಯಾಸನ ಕಥೆಯಲ್ಲಿ ಅನಾಹುತವನ್ನು ತಡೆಯಲು ದೇವರೇ ನಡುವೆ ಬರಬೇಕಾಯಿತು. ಹೋಮರನ ಕಥೆಯಲ್ಲಿ ಮುದುಕನಿಗೆ ದಾರಿ ತೋರಿದ ದೇವತೆಯು ಬಿಡಾರದ ಹೊರಗಿನಿಂದಲೇ ಹಿಂದಿರುಗುತ್ತಾನೆ. ಒಳಗೆ ಉಳಿದವರು ಮನುಷ್ಯರು ಮಾತ್ರ. ಮಗನ ಶವವನ್ನು ಕಂಡರೆ ಮುದುಕನಿಗೆ ಸಿಟ್ಟು ಬಂದೀತು, ಅದರಿಂದ ತಾನೂ ಕೆರಳಿ ಅವನನ್ನು ಕೊಂದೇನು ಎಂದು ಅಖಿಲೀಸನು ತನಗೆ ತಾನೇ ಹೆದರಿ, ಶವವನ್ನು ಮರೆಯಲ್ಲಿಯೇ ತೊಳೆಯಿಸುತ್ತಾನೆ. ಆಮೇಲೆ ಕುರಿಯನ್ನು ಕೊಯ್ದು ಅಡಿಗೆ ಮಾಡಿಸಿ, ಮಾಂಸವನ್ನು ತನ್ನ ಕೈಯಿಂದಲೇ ಬಡಿಸುತ್ತಾನೆ. ಹೆಕ್ಟರನು ಸತ್ತಂದಿನಿಂದ ಪ್ರಿಯಾಮನು ತುತ್ತು ಅನ್ನವನ್ನೂ ಮುಟ್ಟಿರಲಿಲ್ಲ. ಅನ್ನ ಬಡಿಸುವ ವೃತ್ತಿಯಲ್ಲಿಯೇ ಹಲವು ವರ್ಷಗಳನ್ನು ಕಳೆದು ಬಂದ ನಮಗೆ ಇಲಿಯಡ್ಡಿನ ಎಲ್ಲ ಕಾಳಗಗಳಿಗಿಂತಲೂ ಈ ಊಟವೇ ದೊಡ್ಡದಾಗಿ ಕಂಡಿದೆ. ಧೃತರಾಷ್ಟ್ರನ ಅಪ್ಪುಗೆಯನ್ನು ಬಾಲ್ಯದಿಂದ ಕೇಳಿ ಬಲ್ಲವನಿಗೆ ಈ ಊಟದ ಬೆಲೆ ಹೆಚ್ಚು ತಿಳಿಯುತ್ತದೆ. ಈ ಊಟವನ್ನು ಬಲ್ಲವನಿಗೆ ಆ ಅಪ್ಪುಗೆಯ ಭಯಂಕರತೆ ಹೆಚ್ಚು ತಿಳಿಯುತ್ತದೆ. ಹೋಲಿಕೆಯ ಪ್ರಯೋಜನವೆಂದರೆ ಇದೇ.

ಈ ಸಾಮ್ಯ ಪ್ರಾಚೀನರ ಕಣ್ಣಿಗೂ ಬಿದ್ದಿತ್ತೆಂದು ತೋರುತ್ತದೆ. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಹುಟ್ಟಿದ ಗ್ರೀಕ್ ವಾಗ್ಮಿ ಡಿಯೋ ಕ್ರಿಸೋಸ್ಟಮನು, ಹಿಂದೂದೇಶದವರು ಹೋಮರನ ಕಾವ್ಯವನ್ನು ತಮ್ಮ ನುಡಿಗೆ ತಿರುಗಿಸಿ ಹಾಡುತ್ತಾರೆಂದೂ, ಪ್ರಿಯಾಮನ ಗೋಳು ಅವರಿಗೆ ಪರಿಚಿತವೆಂದೂ ಬರೆದಿದ್ದಾನೆ. ಅವನ ಕಿವಿಗೆ ಬಿದ್ದದ್ದು ಮಹಾಭಾರತದ ಸುದ್ದಿಯಾಗಿರಬೇಕೆಂದು ಅನೇಕ ವಿದ್ವಾಂಸರು ಊಹಿಸುತ್ತಾರೆ. ದುಃಖ ಒಂದೇ ತೆರನಾಗಿದ್ದುದರಿಂದ ಕಥೆಯೂ ಒಂದೇ ಎಂದು ಅವನು ಭಾವಿಸಿದನು. ಮೂಲವನ್ನು ಬಲ್ಲ ಭಾಷಾಂತರಕಾರನು ನಡುವೆ ಇಲ್ಲದಿದ್ದರೆ ಇಂಥ ಭ್ರಮೆಗಳು ಸಹಜ.

ಭಾಷಾಂತರಕ್ಕೆ ಎರಡು ದಾರಿಗಳುಂಟು. ಒಂದು, ಪರದೇಶದ ಕಥೆಗೆ ನಮ್ಮ ಉಡುಪನ್ನು ತೊಡಿಸುವುದು. ಇನ್ನೊಂದು, ಅದರ ಉಡುಪಿನಲ್ಲಿಯೇ ಅದನ್ನು ಮನೆಯೊಳಕ್ಕೆ ಕರೆತರುವುದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಲಿವಿಯಸ್ ಆಂಡ್ರೊನಿಕಸನು ಒಡಿಸ್ಸಿಯನ್ನು ಲ್ಯಾಟಿನ್ ಭಾಷೆಗೆ ತಂದನು. ಅವನು ಟರೆಂಟಮ್ ಪಟ್ಟಣದಿಂದ ದಾಸನಾಗಿ ರೋಮಿಗೆ ಬಂದ ಗ್ರೀಕನೆಂದು ಪ್ರತೀತಿ. ಊರು ಬಿಟ್ಟು ಬಂದವನು ತನ್ನ ನುಡಿಯ ಕಥೆಯನ್ನು ಬಂದ ಊರಿನ ಮಕ್ಕಳಿಗೆ ಕಲಿಸಿದನು. ಗ್ರೀಕರ ಕಾವ್ಯದೇವತೆಯಾದ ಮ್ಯೂಸಳನ್ನು ಬಿಟ್ಟು, ರೋಮನರಿಗೆ ಪರಿಚಿತಳಾದ ನೀರಿನ ದೇವತೆ ಕಮೀನಳನ್ನು ಮೊದಲ ಸಾಲಿನಲ್ಲಿಯೇ ಕರೆದನು. ಸುಮಾರು ಎರಡು ಶತಮಾನಗಳ ಅನಂತರವೂ ರೋಮಿನ ಕವಿ ಹೊರೇಸನು ಗುರುವಿನ ಏಟು ತಿನ್ನುತ್ತಾ ಕಲಿತದ್ದು ಇವನ ಪದ್ಯಗಳನ್ನೇ.

ಕನ್ನಡದಲ್ಲಿ ಈ ಎರಡು ದಾರಿಗಳನ್ನೂ ಒಬ್ಬರೇ ನಡೆದು ತೋರಿಸಿದರು. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ಸೊಫೊಕ್ಲೀಸನ ಅಯಾಕ್ಸ್ ವೀರನನ್ನು ‘ಅಶ್ವತ್ಥಾಮನ್’ ಆಗಿ ಮಾರ್ಪಡಿಸಿದರು. ಪುರಾಣದ ಚಿರಂಜೀವಿಯು ನಾಟಕದಲ್ಲಿ ಸಾಯುತ್ತಾನಲ್ಲಾ ಎಂದು ಸಂಪ್ರದಾಯಸ್ಥರು ಆಕ್ಷೇಪಿಸಿದರು. ಆದರೆ ಗ್ರೀಕ್ ರುದ್ರನಾಟಕವೆಂದರೇನೆಂಬುದು ಕನ್ನಡಿಗನಿಗೆ ನಾಟಿದ್ದು ಆ ಆಘಾತದಿಂದಲೇ. ೧೯೩೫ರಲ್ಲಿ ಅವರೇ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು ಹೆಸರುಗಳನ್ನು ಬದಲಿಸದೆ ತಂದರು. ಒಂದು ರೂಪಾಂತರ, ಇನ್ನೊಂದು ಭಾಷಾಂತರ. ಎರಡೂ ಬೇಕು. ಯಾವುದು ಯಾವುದೆಂದು ಓದುಗನಿಗೆ ತಿಳಿದಿದ್ದರೆ ಸಾಕು.

ಭಾಷಾಂತರವೆಂದು ಹೇಳಿಕೊಂಡು ಮೂಲದಲ್ಲಿಲ್ಲದ್ದನ್ನು ಸೇರಿಸಿದರೆ ಅದು ಅನ್ಯಾಯ. ಒಡಿಸ್ಸಿಯ ೨೨ನೆಯ ಸರ್ಗದಲ್ಲಿ, ಮನೆಯನ್ನು ಆಕ್ರಮಿಸಿದವರ ಜೊತೆ ಮಲಗಿದರೆಂಬ ಕಾರಣಕ್ಕೆ ೧೨ ಮಂದಿ ದಾಸಿಯರನ್ನು ಹಗ್ಗಕ್ಕೆ ನೇತುಹಾಕಲಾಗುತ್ತದೆ. ಅವರು ಸ್ವತಂತ್ರರಲ್ಲದ ಹೆಂಗಸರು. ಒಲ್ಲೆನೆನ್ನುವ ಸ್ವಾತಂತ್ರ್ಯ ಅವರಿಗೆಷ್ಟಿತ್ತು? ಗಲ್ಲಿಗೇರಿಸುವ ಮುನ್ನ ಒಡೆಯನ ಮಗನು ಆಡುವ ಮಾತಿನಲ್ಲಿ, ಮೂಲದಲ್ಲಿ ಬರಿಯ ‘ಇವರು’ ಎಂಬ ಅರ್ಥದ ಪದವಿರುವ ಕಡೆ, ಹಲವು ಆಂಗ್ಲ ಭಾಷಾಂತರಕಾರರು ಹೊಲಸು ಬೈಗುಳಗಳನ್ನು ಸೇರಿಸಿದ್ದರು. ೨೦೧೭ರಲ್ಲಿ ತಮ್ಮ ಭಾಷಾಂತರವನ್ನು ಪ್ರಕಟಿಸಿದ ಎಮಿಲಿ ವಿಲ್ಸನ್ ಎಂಬ ವಿದುಷಿ ಇದನ್ನು ಎತ್ತಿ ತೋರಿಸಿದರು. ಹೋಮರನು ಆಡದ ಬೈಗುಳವನ್ನು ಎಷ್ಟೋ ಓದುಗರು ಹೋಮರನದೆಂದೇ ನಂಬಿದ್ದರು. ಆಂಗ್ಲ ಭಾಷಾಂತರವನ್ನು ಕನ್ನಡಕ್ಕೆ ತರುವವನು ಆ ಬೈಗುಳವನ್ನೂ ತರುತ್ತಾನೆ. ಅದರ ಮೇಲೆ ‘ತೊತ್ತು’ ಎನ್ನಬೇಕೋ, ‘ದಾಸಿ’ ಎನ್ನಬೇಕೋ, ‘ಊಳಿಗದವಳು’ ಎನ್ನಬೇಕೋ ಎಂಬುದು ಕನ್ನಡದ ಸ್ವಂತ ಸಮಸ್ಯೆ. ಈ ಪದಗಳಲ್ಲಿ ಒಂದೊಂದರ ಹಿಂದೆಯೂ ನಮ್ಮ ಸಮಾಜದ ಒಂದೊಂದು ತಿರಸ್ಕಾರ ಅಡಗಿದೆ. ಹತ್ತಾರು ಹುಡುಗರನ್ನು ಕೆಲಸಕ್ಕಿಟ್ಟುಕೊಂಡ ಯಜಮಾನನಿಗೆ, ಅವರನ್ನು ಯಾವ ಪದದಿಂದ ಕರೆಯುತ್ತೇವೆಂಬುದು ಸಣ್ಣ ವಿಷಯವಲ್ಲವೆಂದು ಗೊತ್ತಿರುತ್ತದೆ.

ಇಂಗ್ಲಿಷಿನಲ್ಲಿ ಓದಿಕೊಂಡರಾಯಿತು, ಕನ್ನಡವೇಕೆ ಎನ್ನುವವರಿಗೆ ನಮ್ಮ ಉತ್ತರ ಇದೇ. ಇನ್ನೊಬ್ಬರ ಕಣ್ಣಿನಿಂದ ಕಂಡದ್ದು ನಾವು ಕಂಡಂತಾಗದು. ನಮಗೆ ಗ್ರೀಕ್ ಬಾರದು. ಆದುದರಿಂದಲೇ, ಅದನ್ನು ಬಲ್ಲ ಕನ್ನಡಿಗರು ನೇರವಾಗಿ ಮೂಲದಿಂದ, ಮನೆಮಂದಿಗೆ ತಿಳಿಯುವ ಗದ್ಯದಲ್ಲಿ ಹೋಮರನನ್ನು ಹೇಳಬೇಕೆಂದು ಬಯಸುತ್ತೇವೆ. ವಿಶ್ವವಿದ್ಯಾನಿಲಯಗಳೂ ಅಕಾಡೆಮಿಗಳೂ ಅಂಥವರನ್ನು ಹುಡುಕಿ ಪೋಷಿಸಬೇಕು. ೧೯೧೨ರಲ್ಲಿ ಮುಂಬಯಿಗೆ ಬಂದು ಆಕ್ಸ್‌ಫರ್ಡ್ ಪ್ರಕಾಶನದ ಶಾಖೆಯನ್ನು ತೆರೆದ ಇ. ವಿ. ರಿಯು ಎಂಬ ಆಂಗ್ಲರು, ಮುಂದೆ ತಮ್ಮ ಮನೆಯವರಿಗೆ ಓದಿ ಹೇಳುತ್ತಲೇ ಒಡಿಸ್ಸಿಯನ್ನು ಸರಳ ಗದ್ಯಕ್ಕೆ ತಂದರು. ೧೯೪೬ರಲ್ಲಿ ಪ್ರಕಟವಾದ ಆ ಅಗ್ಗದ ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಕೇಳಿಸುವಂತೆ ಬರೆದುದರಿಂದಲೇ ಜನ ಅದನ್ನು ಓದಿದರು.

ಕೇಳಿಸುವ ಕಲೆ ನಮ್ಮವರಿಗೆ ಹೊಸದಲ್ಲ. ಅಮೆರಿಕದ ಮಿಲ್ಮನ್ ಪ್ಯಾರಿಯು ೧೯೩೦ರ ದಶಕದಲ್ಲಿ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ಅಲೆದು, ಅಕ್ಷರ ಬಾರದ ಗಾಯಕರು ಸಾವಿರಾರು ಸಾಲುಗಳನ್ನು ಸ್ಥಳದಲ್ಲಿಯೇ ಕಟ್ಟಿ ಹಾಡುವುದನ್ನು ಕಂಡು, ಹೋಮರನ ಕಾವ್ಯವೂ ಇಂಥ ಪರಂಪರೆಯ ಫಲವೆಂದು ತೋರಿಸಿದನು. ನಮ್ಮ ತಾಳಮದ್ದಳೆಯಲ್ಲಿ ಭಾಗವತರ ಪದ್ಯ ಸಿದ್ಧವಾಗಿಯೇ ಇರುತ್ತದೆ. ಅರ್ಥಧಾರಿಯ ಮಾತು ಮಾತ್ರ ಅಂದಂದಿನದು. ರೀತಿ ಬೇರೆಯಾದರೂ, ಬಲ್ಲ ಕಥೆಯನ್ನು ಹೊಸದಾಗಿ ಕೇಳುವ ಹಸಿವು ಒಂದೇ.

ಆದುದರಿಂದ ನಮ್ಮ ಸಂಘಸಂಸ್ಥೆಗಳಿಗೆ ಒಂದು ಸಲಹೆ. ಸನ್ಮಾನ, ಹಾರತುರಾಯಿಗಳ ನಡುವೆ ವರ್ಷಕ್ಕೊಂದು ಸಂಜೆಯನ್ನು ಇಂಥ ಕಥೆಗಳಿಗೆ ಬಿಡಿರಿ. ಒಬ್ಬರು ಧೃತರಾಷ್ಟ್ರನನ್ನು ಹೇಳಲಿ, ಇನ್ನೊಬ್ಬರು ಪ್ರಿಯಾಮನನ್ನು ಹೇಳಲಿ. ಕನ್ನಡವನ್ನು ಓದಲು ಬಾರದೆ ಬೆಳೆಯುತ್ತಿರುವ ನಮ್ಮ ಮಕ್ಕಳು ಕನ್ನಡವನ್ನು ಕೇಳಬಲ್ಲರು. ಲೋಕದ ದೊಡ್ಡ ಕಥೆಗಳು ತಾಯಿಯ ನುಡಿಯಲ್ಲಿಯೂ ದೊರೆಯುತ್ತವೆಂದು ಅವರಿಗೆ ತಿಳಿದರೆ, ಆ ನುಡಿಯನ್ನು ಅಡಿಗೆಮನೆಗೆ ಮಾತ್ರ ಸೀಮಿತವೆಂದು ಅವರು ಬಗೆಯಲಾರರು.